ಪುಕ್ಕಟೆ ಬ್ರೇಕು

೨೦೦೬ರ ಮಳೆಗಾಲ ಮುಗಿಯುತ್ತಿದ್ದಂತೆ, ತಾನು ತಯಾರಿಸಿದ ಸರಕು ರಿಕ್ಷಾಗಳ ಬ್ರೇಕು ಕೆಲವು ಸಂದರ್ಭಗಳಲ್ಲಿ ಹಿಡಿಯದೆ ಇರಬಹುದೆಂದೂ, ಅಂಥ ವಾಹನಗಳನ್ನು ಶೋರೂಮಿಗೆ ತಂದರೆ ಉಚಿತವಾಗಿ ಸರಿಪಡಿಸಿ ಕೊಡಲಾಗುವುದೆಂದೂ ಕಂಪನಿಯೊಂದು ಪತ್ರಿಕೆಯಲ್ಲಿ ಪ್ರಕಟಿಸಿತು. ಗ್ರಾಹಕರ ಜೀವ ಅಮೂಲ್ಯವೆಂಬುದನ್ನೂ ಅದರಲ್ಲೇ, ತುಸು ಸಣ್ಣ ಅಕ್ಷರದಲ್ಲಿ, ಒಪ್ಪಿಕೊಂಡಿತ್ತು.

ಮಾವಿನಕುರ್ವೆಯ ಜಟ್ಟಿಗೆ ಹೋದ ಜೀವ ಬಂದಂತಾಯಿತು. ಹೊನ್ನಾವರದಿಂದ ಕುಮಟೆಗೆ ಮೀನು ಸಾಗಿಸುವ ಅವನ ರಿಕ್ಷಾ ಅದಾಗಲೇ ಒಮ್ಮೆ ಇಳಿಜಾರಿನಲ್ಲಿ ನಿಲ್ಲಲು ಒಪ್ಪದೆ ಗದ್ದೆಗೆ ಇಳಿದಿತ್ತು. ಹಿಂದೆ ಬುಟ್ಟಿಗಳ ನಡುವೆ ಕೂತಿದ್ದ ಹೆಂಡತಿ ನಾಗಿ ಬಂಗಡೆ ಮೀನುಗಳ ಜೊತೆ ಕೆಸರಿಗೆ ಬಿದ್ದಿದ್ದಳು. ಬಸ್ಸಿನವರು ಮೀನಿನ ಬುಟ್ಟಿ ಹತ್ತಿಸುತ್ತಿರಲಿಲ್ಲವಾದ್ದರಿಂದ ಅವಳು ಇದರಲ್ಲೇ, ಕಣ್ಣು ಮುಚ್ಚಿಕೊಂಡು, ಬರುತ್ತಿದ್ದಳು. ಜಟ್ಟಿ ಕನ್ನಡಿಯಲ್ಲಿ ಆ ಮುಖ ನೋಡುವುದನ್ನೇ ಬಿಟ್ಟಿದ್ದ.

ಕುಮಟೆಯ ಶೋರೂಮಿನ ಮ್ಯಾನೇಜರು ಶ್ರೀಧರ ಮರ್ಯಾದಸ್ಥರು. ಕುರ್ಚಿ ಕೊಟ್ಟು ಕೂರಿಸಿ ಕೇಳಿದರು:

"ಇದನ್ನ ಓಡಿಸ್ಕೊಂಡೇ ಬಂದ್ಯಾ?"

"ಹೌದು ಸಾಹೇಬ್ರೆ. ನಿಧಾನಕ್ಕೆ."

"ನಮ್ಮ ಬಾಗಿಲಲ್ಲಿ ನಿಲ್ಸಿದೆ ಅಲ್ವಾ? ಹಾಗಾದ್ರೆ ಬ್ರೇಕು ಸರಿ ಇದೆ."

ನಿಯಮವನ್ನು ಅವರು ಬಿಡಿಸಿ ಹೇಳಿದರು. ಉಚಿತ ದುರಸ್ತಿ ಬ್ರೇಕು ಹಿಡಿಯದ ವಾಹನಗಳಿಗೆ ಮಾತ್ರ. ಹಾಗೆ ಅರ್ಹವಾದ ವಾಹನ ಶೋರೂಮಿನ ಎದುರು ನಿಲ್ಲದೆ ಮುಂದಿನ ಊರಾದ ಅಂಕೋಲೆಯ ಕಡೆ ಹೋಗಿಬಿಡಬೇಕು. ಈವರೆಗೆ ಒಂದೇ ಒಂದು ಅರ್ಹ ವಾಹನವೂ ಬಂದು ನಿಂತಿಲ್ಲವೆಂದು ಅವರಿಗೂ ಬೇಸರವಿತ್ತು.

ಮಾರನೆಯ ದಿನ ಜಟ್ಟಿ ನೆರೆಮನೆಯ ರಮಾನಂದನ ಟೆಂಪೋಗೆ ಹಗ್ಗ ಕಟ್ಟಿ ರಿಕ್ಷಾ ಎಳೆಸಿಕೊಂಡು ಬಂದ. ಇದು ನಿಂತದ್ದು ಹಗ್ಗದಿಂದ, ಆದ್ದರಿಂದ ಬ್ರೇಕಿನ ಬಗ್ಗೆ ಏನನ್ನೂ ಹೇಳುವಂತಿಲ್ಲ ಎಂದರು ಶ್ರೀಧರ. ಪರೀಕ್ಷಿಸಲು ಹುಬ್ಬಳ್ಳಿಯಿಂದ ಕಂಪನಿಯ ಇಂಜಿನಿಯರು ಬಂದರು. ಮೇಲಿನ ದಿಬ್ಬದಿಂದ ಜೋರಾಗಿ ಬಂದು ಶೋರೂಮಿನೆದುರು ಬ್ರೇಕು ಒತ್ತಬೇಕೆಂದು ಅಪ್ಪಣೆಯಾಯಿತು. ನೀವೂ ಕೂತ್ಕೊಳ್ಳಿ ಎಂದು ಜೊತೆಗೆ ಬಂದಿದ್ದ ನಾಗಿ ಅವರನ್ನು ಕರೆದಳು. ಅನುಮಾನವಿರುವ ವಾಹನದಲ್ಲಿ ಸಿಬ್ಬಂದಿ ಕೂರುವುದನ್ನು ಸುರಕ್ಷತಾ ನಿಯಮ ನಿಷೇಧಿಸಿದೆ ಎಂದರು ಇಂಜಿನಿಯರು.

ದಿಬ್ಬದ ಮೇಲೆ ಜಟ್ಟಿ ರಿಕ್ಷಾದ ಮೂತಿಯನ್ನು ಶೋರೂಮಿನ ಕಡೆ ತಿರುಗಿಸಿದ. ನಾಗಿ ತಾನಾಗಿ ಹಿಂದೆ ಹತ್ತಿ, ಆ ದಿನದ ಮೀನಿನ ಬುಟ್ಟಿಯ ಪಕ್ಕ ಕೂತಳು.

"ಬೇಡ್ವೆ, ಇಳಿ."

"ದಿನಾ ಎಂತ ನಡ್ದೇ ಬತ್ತೆನಾ? ಬಿಡು ಗಾಡಿ."

ಬ್ರೇಕು ಹಿಡಿಯಲಿಲ್ಲ. ರಿಕ್ಷಾ ಶೋರೂಮಿನ ಅಂಗಳಕ್ಕೆ ನುಗ್ಗಿ ಹಳೆ ಟೈರುಗಳ ರಾಶಿಗೆ ಬಡಿದು ನಿಂತಿತು. ಜಟ್ಟಿಯ ಹಣೆ ಒಡೆಯಿತು, ನಾಗಿಯ ಮೊಣಕಾಲು ಊದಿತು. ರಕ್ತ ಒರೆಸಿಕೊಳ್ಳುತ್ತಲೇ ಜಟ್ಟಿ ನಕ್ಕ. ಕೊನೆಗೂ ಎಲ್ಲರೂ ಕಣ್ಣಾರೆ ಕಂಡಿದ್ದರು.

ಇಂಜಿನಿಯರು ವರದಿ ಬರೆದರು: "ವಾಹನವು ತೃಪ್ತಿಕರವಾಗಿ ನಿಂತಿತು."

ಆಗ ನಾಗಿ ಕುಂಟುತ್ತ ಒಳಗೆ ಹೋಗಿ, ಮೀನಿನ ಬುಟ್ಟಿ ಸಮೇತ ಗ್ರಾಹಕರ ಸೋಫಾದಲ್ಲಿ ಕೂತಳು. ಬ್ರೇಕು ಸರಿಯಾಗುವವರೆಗೆ ಏಳುವುದಿಲ್ಲವೆಂದಳು. ಮಧ್ಯಾಹ್ನದ ಹೊತ್ತಿಗೆ ವಾಸನೆ ಏರಿ, ಹೊಸ ರಿಕ್ಷಾ ಕೊಳ್ಳಲು ಬಂದವರು ಮೂಗು ಹಿಡಿದು ವಾಪಸಾಗತೊಡಗಿದರು. ಸಂಜೆಯೊಳಗೆ ಕಂಪನಿ ಪರಿಹಾರ ಕಂಡುಹಿಡಿಯಿತು: ರಿಕ್ಷಾಗಳು ಗುದ್ದಿ ನಿಲ್ಲಲೆಂದು, ಪರೀಕ್ಷೆಯಲ್ಲಿ ಯಶಸ್ವಿಯಾದಂಥದೇ ಟೈರಿನ ರಾಶಿಗಳನ್ನು ಕುಮಟೆ, ಹೊನ್ನಾವರ, ಭಟ್ಕಳದ ಮೀನು ಮಾರ್ಕೆಟ್ಟುಗಳ ಎದುರು ಉಚಿತವಾಗಿ ಹಾಕಿಸುವುದು.

ಉದ್ಘಾಟನೆಗೆ ರಿಬ್ಬನ್ ಕಟ್ಟಿದರು. ಗುದ್ದಿ ಕತ್ತರಿಸುವ ಗೌರವ ಜಟ್ಟಿಗೇ ಸಿಕ್ಕಿತು. ಶಾಲು ಹೊದಿಸುವಾಗ ಅವನಿಗೆ ಬ್ರೇಕಿನ ಮಾತು ಎತ್ತಬೇಕೆನಿಸಿತು, ಆದರೆ ಅಷ್ಟು ಜನರ ಎದುರು ನಾಚಿಕೆಯಾಯಿತು. ನಾಗಿ ಒಂದು ತಲೆದಿಂಬು ಹೊಲಿದು ಎದೆಗೆ ಕಟ್ಟಿಕೊಂಡಳು. "ಆತು, ಗದ್ದೆಗಿಂತ ಅಡ್ಡಿಲ್ಲ," ಎಂದಳು. ನಿಧಾನವಾಗಿ ಎಲ್ಲರಿಗೂ ರೂಢಿಯಾಯಿತು.

ಭಟ್ಕಳದಲ್ಲಿ ಮಾತ್ರ ಒಂದು ಅವಘಡವಾಯಿತು. ಹೊಸ ರಿಕ್ಷಾ ತಂದಿದ್ದ ಈರ ಎಂಬವನು ಬ್ರೇಕು ಒತ್ತಿದ್ದೇ ತಡ, ಟೈರಿಗೆ ಇನ್ನೂ ಮಾರು ದೂರವಿರುವಾಗ ಗಾಡಿ ನಿಂತುಬಿಟ್ಟಿತು. ಹಿಂದಿನಿಂದ ಬಂದವರೆಲ್ಲ ಅವನಿಗೆ ಗುದ್ದಿದರು. ಎಲ್ಲರೂ ಬೈದರು, ಅಂದು ಅಲ್ಲಿಗೆ ಮೀನು ತಂದಿದ್ದ ಜಟ್ಟಿಯೂ ಬೈದ. ಈರ ತಲೆ ತಗ್ಗಿಸಿ ರಿಕ್ಷಾವನ್ನು ಕುಮಟೆಗೆ ಒಯ್ದ. ಶ್ರೀಧರರು ಒಂದೂ ಪ್ರಶ್ನೆ ಕೇಳದೆ, ಅಂದೇ, ಉಚಿತವಾಗಿ, ಆ ದೋಷವನ್ನು ಸರಿಪಡಿಸಿ ಕೊಟ್ಟರು.