ಹಾರ ಹಾಕಿದ ಜಾಹೀರಾತು

ನಿಮ್ಮ ಉದ್ಯೋಗ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಅವರ ಮುಖ ನೋಡುತ್ತೇನೆ. ಖುಷಿಯಲ್ಲಿದ್ದಂತೆ ಕಂಡರೆ "ಕೇಟರಿಂಗ್" ಎಂದಷ್ಟೇ ಹೇಳಿ ಮಾತು ಬದಲಿಸುತ್ತೇನೆ. ಸುಳ್ಳಲ್ಲ, ಅರ್ಧ ಸತ್ಯ. ಉಳಿದರ್ಧ ಏನೆಂದರೆ, ನಾವು ಮಾಡುವುದು ಶ್ರಾದ್ಧದ ಊಟ ಮತ್ತು ಹದಿಮೂರನೇ ದಿನದ ವೈಕುಂಠ ಸಮಾರಾಧನೆಯ ಊಟ ಮಾತ್ರ. ನಮ್ಮ ಸುಕ್ಕಿನುಂಡೆ, ಆಂಬೊಡೆ ಉಂಡವರು ಬೆರಳು ಚೀಪುವುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ತೀರಿಹೋದವರ ಮನೆಯಲ್ಲಿ ನಿಂತು "ಊಟ ಭಾರೀ ಲಾಯ್ಕಾಗಿತ್ತು, ನಂಬರ್ ಕೊಡಿ" ಎನ್ನುವ ಧೈರ್ಯ ಯಾರಿಗೂ ಇಲ್ಲ. ನಾನಾದರೂ ಹೊರಡುವಾಗ "ಬರ್ತೇನೆ" ಎನ್ನುವಂತಿಲ್ಲ. ಅಂಥ ಮನೆಯಿಂದ ಹೇಳದೆ ಹೊರಡುವುದೇ ಪದ್ಧತಿ. "ಮತ್ತೊಮ್ಮೆ ಅವಕಾಶ ಕೊಡಿ" ಎಂದು ಬಾಯಿಬಿಟ್ಟು ಕೇಳಲಾಗದ ವ್ಯಾಪಾರ ನನ್ನದು.

ಇಷ್ಟು ವರ್ಷ ಕೇಳುವ ಅಗತ್ಯವೂ ಇರಲಿಲ್ಲ. ನಮ್ಮ ಮಂಗಳೂರಿನ ಉರ್ವದ ಪುರೋಹಿತರೊಬ್ಬರು ಎಲ್ಲಿ ಉತ್ತರಕ್ರಿಯೆ ಇದ್ದರೂ ಊಟಕ್ಕೆ ನನ್ನನ್ನೇ ಹೇಳುತ್ತಿದ್ದರು. ಕಳೆದ ವರ್ಷ ಅವರು ಮಂತ್ರ, ಸಾಮಗ್ರಿ, ಊಟ ಎಲ್ಲ ಸೇರಿಸಿ ತಮ್ಮದೇ ಒಂದು ಪ್ಯಾಕೇಜ್ ಶುರು ಮಾಡಿದರು. ಅಲ್ಲಿಗೆ ನನ್ನ ಫೋನ್ ಮೂಕವಾಯಿತು. ಪಿತೃಪಕ್ಷದೊಳಗೆ ಹೊಸ ಗಿರಾಕಿಗಳು ಬಾರದಿದ್ದರೆ ಒಲೆ ಆರಿಸುವುದು, ಮೂವತ್ತು ವರ್ಷದಿಂದ ಜೊತೆಗಿರುವ ಇಬ್ಬರು ಅಡುಗೆಯವರಿಗೆ ಬೇರೆ ಕೆಲಸ ನೋಡಿಕೊಳ್ಳಿ ಎನ್ನುವುದು, ಇಷ್ಟೇ ಉಳಿದಿದ್ದ ದಾರಿ. ಆ ಮಾತನ್ನು ಅವರಿಗೆ ಹೇಗೆ ಹೇಳುವುದೆಂದು ನೆನೆದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಆಗ ಅವತರಿಸಿದವನು ನನ್ನ ಷಡ್ಡಕ ಶ್ರೀಪತಿ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಹಂಪನಕಟ್ಟೆಯ ಯಾವುದೋ ಕಟ್ಟಡದ ಮೂರನೇ ಮಹಡಿಯಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕಲಿತು ಬಂದವನು.

"ಭಾವ, ಎರಡು ದಾರಿ ಉಂಟು. ಒಂದು ಸರ್ಚ್. ಹಸಿದವ ತಾನೇ ಹೋಟೆಲ್ ಹುಡುಕಿಕೊಂಡು ಬರ್ತಾನಲ್ಲ, ಹಾಗೆ. ಇನ್ನೊಂದು ಸೋಶಿಯಲ್ ಮೀಡಿಯಾ. ಸುಮ್ಮನೆ ದಾರಿಯಲ್ಲಿ ಹೋಗುವವನ ಮೂಗಿಗೆ ನಾವೇ ಒಗ್ಗರಣೆ ಪರಿಮಳ ಬಿಡುವುದು."

"ನಮ್ಮ ಊಟಕ್ಕೆ ದಾರಿಯಲ್ಲಿ ಹೋಗುವವ ಯಾಕೆ ಬರ್ತಾನೆ ಮಾರಾಯ?" ಎಂದು ನನ್ನ ಹೆಂಡತಿ ವಾರಿಜ ಒಳಗಿನಿಂದಲೇ ಕೇಳಿದಳು. ಆ ಕ್ಷಣವೇ ಸಭೆ ಮುಗಿಸಿ ಏಳಬಹುದಿತ್ತು. ಆದರೆ ಶ್ರೀಪತಿ ಅಷ್ಟರಲ್ಲಿ ಮೊಬೈಲು ತೆರೆದು ತೋರಿಸತೊಡಗಿದ್ದ. ನಾನು ಬಾಯಿ ಮುಚ್ಚುವುದನ್ನೇ ಮರೆತಿದ್ದೆ. ಊರಿನ ನಕ್ಷೆಯ ಮೇಲೆ ಅವನು ಬೆರಳಿನಿಂದ ಒಂದು ವೃತ್ತ ಎಳೆದ. ಉರ್ವದಿಂದ ಸುತ್ತ ಐದು ಕಿಲೋಮೀಟರ್. ಆ ವೃತ್ತದೊಳಗೆ ಯಾವ ವಯಸ್ಸಿನವರಿಗೆ ನಮ್ಮ ಜಾಹೀರಾತು ಕಾಣಬೇಕು ಎಂದು ಆ ಯಂತ್ರ ವಿನಯದಿಂದ ಕೇಳುತ್ತದೆ! ಒಂದೊಂದು ಮನೆಯ ಗೇಟು ತೆರೆಯಲು ನಾನು ಆಯುಷ್ಯ ಸವೆಸಿದ್ದೆ. ಇದು ಕೂತಲ್ಲೇ ಸಾವಿರಾರು ಮನೆಯ ಚಾವಡಿಗೆ ಕರೆದೊಯ್ಯುತ್ತೇನೆ ಎನ್ನುತ್ತಿದೆ. ಕೈ ಮುಗಿಯಬೇಕೆನಿಸಿತು.

"ಅರವತ್ತು ದಾಟಿದವರಿಗೆ ಹಾಕು. ಹಳೆಯ ರುಚಿ ಗೊತ್ತಿರುವುದು ಅವರಿಗೇ" ಎಂದೆ. ಇದಕ್ಕಿಂತ ಜಾಣ ಮಾತನ್ನು ಜನ್ಮದಲ್ಲಿ ಆಡಿರಲಿಲ್ಲವೆಂದು ಒಳಗೊಳಗೇ ಬೀಗಿದೆ.

ಇನ್ನು ಒಂದು ನಿಜ ಒಪ್ಪಿಕೊಳ್ಳುತ್ತೇನೆ. ನಾನು ಸರ್ಚ್ ಬೇಡ, ಸೋಶಿಯಲ್ ಮೀಡಿಯಾವೇ ಇರಲಿ ಎಂದದ್ದಕ್ಕೆ ಕಾರಣ ವ್ಯಾಪಾರದ ಲೆಕ್ಕಾಚಾರವಲ್ಲ. ಅದರಲ್ಲಿ ಬರೀ ಅಕ್ಷರ, ಇದರಲ್ಲಿ ಫೋಟೋ. ನನ್ನದೊಂದು ಒಳ್ಳೆಯ ಫೋಟೋ ಇದೆ. ಸಮಾಜದವರು ಸನ್ಮಾನ ಮಾಡಿದಾಗ ತೆಗೆದದ್ದು. ಕೊರಳಲ್ಲಿ ಸೇವಂತಿಗೆ ಹಾರ, ಮುಖದಲ್ಲಿ ಶಾಂತ ನಗು, ಮುಗಿದ ಕೈ. ಅದರ ಮೇಲೆ ದಪ್ಪಕ್ಷರದಲ್ಲಿ "ವೈಕುಂಠ ಸಮಾರಾಧನೆ", ಕೆಳಗೆ ನನ್ನ ಹೆಸರು ವಾದಿರಾಜ, ಅದರ ಕೆಳಗೆ "ಶುಚಿ ರುಚಿಯಾದ ಊಟಕ್ಕೆ ಸಂಪರ್ಕಿಸಿ" ಮತ್ತು ಫೋನ್ ನಂಬರು. ಕೆಳಗಿನ ಸಾಲು ಮೊಬೈಲಿನಲ್ಲಿ ಪೂರ್ತಿ ಕಾಣುವುದಿಲ್ಲ, "ಇನ್ನಷ್ಟು ನೋಡಿ" ಎಂಬಲ್ಲಿ ಒತ್ತಬೇಕು ಎಂದು ಶ್ರೀಪತಿ ಹೇಳಿದ. ಒತ್ತುತ್ತಾರೆ ಬಿಡು ಎಂದೆ.

ಅರವತ್ತು ದಾಟಿದವರು ಒತ್ತುವುದಿಲ್ಲ.

ಮರುದಿನ ಬೆಳಿಗ್ಗೆ ಕಾಫಿ ಮುಗಿಯುವುದರೊಳಗೆ ಜಾಹೀರಾತಿನ ಕೆಳಗೆ ನೂರಕ್ಕೂ ಹೆಚ್ಚು ಕಮೆಂಟ್. ನಾನು ಕನ್ನಡಕ ಹಾಕಿಕೊಂಡು ಓದತೊಡಗಿದೆ. "ಓಂ ಶಾಂತಿ." "ಓಂ ಶಾಂತಿ." "ಅಯ್ಯೋ ದೇವರೇ, ಮೊನ್ನೆ ಮಾರ್ಕೆಟಿನಲ್ಲಿ ಗುಳ್ಳ ಬದನೆ ಆರಿಸುತ್ತಿದ್ದರಲ್ಲ!" "ಎಷ್ಟು ಒಳ್ಳೆಯ ಜೀವ. ನಮ್ಮ ಅಮ್ಮನ ಶ್ರಾದ್ಧಕ್ಕೆ ಅವರು ಮಾಡಿದ ಆಂಬೊಡೆಯನ್ನು ಈ ಜನ್ಮದಲ್ಲಿ ಮರೆಯಲಿಕ್ಕಿಲ್ಲ." ಬೆವರು ಬಂತು, ನಿಜ. ಆದರೆ ಮೂವತ್ತು ವರ್ಷ ಯಾರೂ ಬಾಯಿಬಿಟ್ಟು ಹೇಳದಿದ್ದ ಮಾತುಗಳೆಲ್ಲ ಒಂದೇ ಬೆಳಗ್ಗೆ ಸಾಲುಗಟ್ಟಿ ನಿಂತಿದ್ದವು. ನಾನು ತಿಂಡಿ ಬಿಟ್ಟು ಎರಡೆರಡು ಸಲ ಓದಿದೆ.

ಅಷ್ಟರಲ್ಲಿ ಗೇಟಿನ ಮುಂದೆ ಆಟೋ ನಿಂತಿತು. ಇಳಿದವರು ನನ್ನ ಸೋದರಮಾವ ಗುಂಡು ಮಾವ, ವಯಸ್ಸು ಎಂಬತ್ತೆರಡು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಕಂಕನಾಡಿಯ ಆಸ್ಪತ್ರೆಯಿಂದ ಹಿಂದಿನ ವಾರವಷ್ಟೇ ಮನೆಗೆ ಬಂದವರು. ಕಣ್ಣೊರೆಸಿಕೊಳ್ಳುತ್ತಾ ಮೆಟ್ಟಿಲೇರಿ ಬಾಗಿಲು ತಟ್ಟಿದರು. ಬಾಗಿಲು ತೆರೆದವನು ನಾನೇ. ಮಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಎದೆಗೆ ಏನಾಗುತ್ತದೋ ಎಂದು ನನ್ನ ಎದೆ ಹೊಡೆದುಕೊಂಡಿತು. ಅವರು ತುಳುವಿನಲ್ಲಿ ಒಂದೇ ಉಸಿರಿಗೆ ಬೈದದ್ದನ್ನು ಕನ್ನಡಕ್ಕೆ ತಂದರೆ ಖಾರ ಅರ್ಧ ಹೋಗುತ್ತದೆ.

"ಎಂತ ಮಾರಾಯ ನೀನು! ಸಾಯದೆ ಹದಿಮೂರನೇ ದಿನ ಇಟ್ಟುಕೊಂಡದ್ದಾ? ನಾನಲ್ಲಿ ಸೂತಕದ ಸ್ನಾನ ಮಾಡಬೇಕಾ ಬೇಡವಾ ಅಂತ ಗೊತ್ತಾಗದೆ ಬೆಳಿಗ್ಗೆಯಿಂದ ಕಾಫಿ ಸಹ ಕುಡಿಯಲಿಲ್ಲ!"

ವಾರಿಜ ಕಾಫಿ ತಂದಿಟ್ಟಳು. ಮಾವ ಲೋಟ ಎತ್ತುವಾಗಲೇ ಅವಳ ಫೋನ್ ರಿಂಗಾಯಿತು. ಆ ಕಡೆ ಪ್ಯಾಕೇಜ್ ಪುರೋಹಿತರು. "ಅಮ್ಮಾ, ವಿಷಯ ನೋಡಿ ಭಾರೀ ಬೇಸರ ಆಯ್ತು. ನೀವು ಎಂತ ತಲೆಬಿಸಿ ಮಾಡ್ಬೇಡಿ. ಊಟದ ಸಮೇತ ಎಲ್ಲ ನಾವೇ ನೋಡ್ಕೊಳ್ತೇವೆ" ಎಂದರು. "ಅವರತ್ರ ಒಂದು ಮಾತು ಕೇಳಿ ಹೇಳ್ತೇನೆ" ಎಂದು ವಾರಿಜ ಫೋನನ್ನು ನನ್ನ ಕೈಗೆ ಕೊಟ್ಟಳು. ನಾನು "ನಮಸ್ಕಾರ" ಎಂದೆ. ಆ ಕಡೆ ಫೋನ್ ಬಿದ್ದ ಸದ್ದಾಯಿತು.

ಶ್ರೀಪತಿ ಮಧ್ಯಾಹ್ನವೇ ಆ ಜಾಹೀರಾತು ತೆಗೆದು, ಬರೀ ಅಕ್ಷರದ ಸರ್ಚಿಗೆ ಹಾಕಿದ. ವಾರದ ನಂತರ, ಜನ ಏನೇನು ಟೈಪ್ ಮಾಡಿ ನಮ್ಮನ್ನು ತಲುಪಿದರು ಎಂಬ ಪಟ್ಟಿ ತಂದು ತೋರಿಸಿದ. "ಮಂಗಳೂರಿನಲ್ಲಿ ಶ್ರಾದ್ಧದ ಅಡುಗೆಯವರು." "ಅಪ್ಪನ ವರ್ಷಾಂತಿಕದ ಊಟ." ನಡುವೆ ಒಂದು ಸಾಲು: "ಅಮ್ಮ ತೀರಿಕೊಂಡರು ಈಗ ಏನು ಮಾಡಬೇಕು." ಯಾರೋ ಒಬ್ಬರು, ಕೇಳಲು ಇನ್ನಾರೂ ತೋಚದೆ, ಅದನ್ನು ಯಂತ್ರಕ್ಕೆ ಕೇಳಿದ್ದಾರೆ. ಯಂತ್ರ ಅವರನ್ನು ನಮ್ಮ ಅಡುಗೆಮನೆಗೆ ಕಳುಹಿಸಿದೆ.

ಆದರೆ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು "ಅಡುಗೆ ವಾದಿರಾಜ ಹೇಗೆ ತೀರಿಕೊಂಡದ್ದು" ಎಂಬುದು. ಹಾಗೆ ಹುಡುಕಿ ಫೋನ್ ಮಾಡಿದವರು ನನ್ನ ದನಿ ಕೇಳಿ ತಬ್ಬಿಬ್ಬಾಗಿ, ಬರಿದೇ ಫೋನ್ ಇಡಲು ನಾಚಿ, "ಹೇಗೂ ನೀವು ಇದ್ದೀರಲ್ಲ, ಪಿತೃಪಕ್ಷಕ್ಕೆ ನಮ್ಮದೊಂದು ಉಂಟು" ಎಂದು ದಿನ ಗೊತ್ತು ಮಾಡಿಯೇ ಬಿಡುತ್ತಿದ್ದರು. ಪಕ್ಷದ ಹದಿನೈದು ದಿನವೂ ಭರ್ತಿ. ಅಡುಗೆಯವರಿಗೆ ಹೇಳಬೇಕಿದ್ದ ಆ ಮಾತು ನನ್ನ ಬಾಯಿಯಲ್ಲೇ ಕರಗಿತು. ಇನ್ನೊಬ್ಬ ಸಹಾಯಕ್ಕೆ ಬೇಕು ಎಂದು ಅವರೇ ಈಗ ಗೊಣಗುತ್ತಿದ್ದಾರೆ.

"ವಾದಿರಾಜ ಬದುಕಿದ್ದಾರೆ ಅಂತ ಒಂದು ಸ್ಪಷ್ಟನೆ ಹಾಕುವನಾ ಭಾವ?" ಎಂದು ಶ್ರೀಪತಿ ಕೇಳಿದ.

"ಅವಸರ ಎಂತಕ್ಕೆ?" ಎಂದಳು ವಾರಿಜ. "ಬದುಕಿದ್ದಾಗ ಇವರಿಗೆ ಇಷ್ಟು ಫೋನ್ ಬಂದದ್ದುಂಟಾ?"

ನಾನು ತಕರಾರು ಮಾಡಲಿಲ್ಲ. ಈಗ ಹೊಸ ನಂಬರಿನಿಂದ ಫೋನ್ ಬಂದರೆ ಎತ್ತಿ, ಕೂಡಲೇ "ಹಲೋ" ಎನ್ನುವುದಿಲ್ಲ. ಮನೆಯವರು ಯಾರೋ ಎತ್ತಿದ್ದಾರೆಂದು ಭಾವಿಸಿ ಆ ಕಡೆಯವರು ನನ್ನ ಗುಣಗಾನ ಮಾಡತೊಡಗಿದರೆ, ಅದು ಮುಗಿಯುವವರೆಗೆ ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ಮಧ್ಯೆ ಬಾಯಿ ಹಾಕುವುದು ಮರ್ಯಾದೆ ಅಲ್ಲ ನೋಡಿ.