ವೆಂಗ್ ಎಂಗೇಜ್ ಆದದ್ದು

ಇಪೋ ಪಟ್ಟಣದ ಒಂದು ಸರ್ವೆ ಕಚೇರಿಯ ಪಾಯಿಖಾನೆಯ ಚಿಲಕ ಕಿತ್ತುಹೋಗಿ ಮೂರು ತಿಂಗಳಾಗಿತ್ತು. ಹೊರಗೆ ಹೆಜ್ಜೆ ಸಪ್ಪಳ ಕೇಳಿದ ಕೂಡಲೇ ಒಳಗಿದ್ದವರು "ಎಂಗೇಜ್ಡ್!" ಎಂದು ಕೂಗಿ ಮಾನ ಉಳಿಸಿಕೊಳ್ಳಬೇಕಿತ್ತು.

ಸೋಮವಾರ ಬೆಳಿಗ್ಗೆ ನಕ್ಷೆಗಾರ ಫೂಂಗ್ ಕಾಮ್ ವೆಂಗ್ ಒಳಗೆ ಕೂತು ಒಂದೇ ಮಾತನ್ನು ಬಾಯಿಪಾಠ ಮಾಡುತ್ತಿದ್ದ: "ಯೋಕ್ ಪೆಂಗ್, ಸಂಜೆ ನನ್ನ ಜೊತೆ ಸಿನಿಮಾಗೆ ಬರ್ತೀರಾ?" ಎರಡು ವರ್ಷದಿಂದ ಟೈಪಿಸ್ಟ್ ಯೋಕ್ ಪೆಂಗ್‌ಳನ್ನು ಕದ್ದು ನೋಡಿದ್ದೇ ಬಂತು, ಮೂವತ್ತಾರರ ವೆಂಗ್‌ಗೆ ಬಾಯಿ ಬಿಡುವ ಧೈರ್ಯ ಮಾತ್ರ ಬಂದಿರಲಿಲ್ಲ.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಎತ್ತಿದವಳು ಗುಮಾಸ್ತೆ ರೊಕಿಯಾ ಅಕ್ಕ.

"ವೆಂಗ್! ನಿಮ್ಮಮ್ಮ ಫೋನಲ್ಲಿದ್ದಾರೆ!"

"ಎಂಗೇಜ್ಡ್!"

"ಅವನು ಎಂಗೇಜ್ಡ್ ಅಂತೆ, ಅಮ್ಮಾ."

ಆ ಕಡೆಯಿಂದ ಒಂದು ಕಿರುಚು. "ಯಾರ ಜೊತೆ?"

"ಅಯ್ಯೋ, ಅದಕ್ಕೆ ಜೊತೆ ಯಾಕೆ? ಒಬ್ನೇ ಹೋಗಿದಾನೆ!" ಎನ್ನುವಷ್ಟರಲ್ಲಿ ಫೋನ್ ಇಟ್ಟಾಗಿತ್ತು.

ಐದು ನಿಮಿಷಕ್ಕೆ ಅಮ್ಮ ಮತ್ತೆ ಫೋನ್ ಮಾಡಿದ್ದು ನೇರ ಮಾಲೀಕರಿಗೆ, ಮಗನ ಮದುವೆಗೆಂದು ರಜೆ ಕೇಳಲು. ಮಾಲೀಕರು ಕೋಣೆಯಿಂದ ಹೊರಬಂದವರೇ, ಆಗಷ್ಟೇ ತನ್ನ ಮೇಜಿಗೆ ಮರಳಿದ್ದ ವೆಂಗ್‌ನ ಕೈಯನ್ನು ನೀರೆತ್ತುವ ಪಂಪಿನಂತೆ ಕುಲುಕಿದರು.

"ಕಳ್ಳ! ನಮಗ್ಯಾರಿಗೂ ಹೇಳದೆ ನಿಶ್ಚಯ ಮಾಡ್ಕೊಂಡ್ಯಲ್ಲೋ!"

"ಸಾರ್, ನಾನು..."

"ನಾಚ್ಕೋಬೇಡ!"

ಯೋಕ್ ಪೆಂಗ್‌ಳ ಟೈಪ್‌ರೈಟರ್ ನಿಂತಿತು. "ಒಳ್ಳೇದಾಗ್ಲಿ, ವೆಂಗ್" ಎಂದವಳು ಎದ್ದುಹೋಗಿ, ಫೋನಿನಲ್ಲಿ ಯಾರೊಂದಿಗೋ ಎರಡೇ ಮಾತಾಡಿ ಬಂದು ಕೂತಳು.

ವೆಂಗ್ ಬಿಡಿಸಿ ಹೇಳುವ ಮೊದಲೇ ಅಮ್ಮ ಬಂದಿಳಿದಳು. ಹಿಂದೆ ನೆರೆಮನೆಯ ಇಬ್ಬರು ಹೆಂಗಸರು, ಅಮ್ಮನ ಕೈಯಲ್ಲಿ ಸೊಸೆಗೆ ಶುಭವಾಗಲೆಂದು ತಂದ ಕಿತ್ತಳೆಯ ಬುಟ್ಟಿ.

"ಹುಡುಗಿ ಯಾರೋ? ತೋರ್ಸೋ!"

"ಬೆಳ್ಳಗಿದಾಳೇನಪ್ಪಾ?" ನೆರೆಯವಳು ಮೇಜುಗಳ ಹಿಂದೆಲ್ಲ ಇಣುಕಿದಳು.

ವೆಂಗ್ ಕುರ್ಚಿ ಹತ್ತಿ ಅರಚಿದ: "ಹುಡುಗಿನೂ ಇಲ್ಲ, ಮದುವೆನೂ ಇಲ್ಲ! ನಾನು ಪಾಯಿಖಾನೇಲಿದ್ದೆ!"

ಕಚೇರಿಗೆ ಕಚೇರಿಯೇ ಬಿದ್ದು ಬಿದ್ದು ನಕ್ಕಿತು. ಹೇಗೂ ಮಾನ ಹೋಗಿದೆ ಎಂಬ ಧೈರ್ಯದಲ್ಲಿ ವೆಂಗ್ ಕುರ್ಚಿಯ ಮೇಲಿಂದಲೇ ಹೇಳಿಬಿಟ್ಟ: "ಯೋಕ್ ಪೆಂಗ್, ನಾನು ಇಷ್ಟಪಟ್ಟಿದ್ದು ನಿಮ್ಮನ್ನ. ಸಂಜೆ ಸಿನಿಮಾಗೆ ಬರ್ತೀರಾ?"

ನಗು ತಟ್ಟನೆ ನಿಂತಿತು.

"ಎರಡು ವರ್ಷ ಕಾದೆ ಕಣ್ರೀ" ಎಂದಳು ಯೋಕ್ ಪೆಂಗ್. "ತೈಪಿಂಗ್ ಊರಿನ ಹಲ್ಲಿನ ಡಾಕ್ಟರೊಬ್ರು ತಿಂಗಳಿಂದ ಮದುವೆ ಮಾತಿಗೆ ಉತ್ತರ ಕೇಳ್ತಿದ್ರು. ನಿಮ್ಮ ಸುದ್ದಿ ಕೇಳಿ ಈಗಷ್ಟೇ ಫೋನ್ ಮಾಡಿ ಹೂಂ ಅಂದ್ಬಿಟ್ಟೆ."

ವೆಂಗ್ ಮೆಲ್ಲಗೆ ಕುರ್ಚಿಯಿಂದ ಇಳಿದ. ಅಮ್ಮ ಮಗನ ಮುಖ ನೋಡಿದಳು, ಆ ಹುಡುಗಿಯ ಮುಖ ನೋಡಿದಳು, ಕಿತ್ತಳೆಯ ಬುಟ್ಟಿಯನ್ನು ಟೈಪ್‌ರೈಟರ್ ಪಕ್ಕದಲ್ಲಿಟ್ಟಳು.

"ಚೆನ್ನಾಗಿರು, ಮಗಳೇ. ಅಂದಹಾಗೆ, ಆ ಡಾಕ್ಟರಿಗೆ ತಂಗಿ ಯಾರಾದ್ರೂ ಇದಾಳಾ?"