ಘಟ್ಟದ ಮೇಲೆ ಎಲ್ಲ ಸಪಾಟು

ಈಜು ಕಲಿಸುವವನಿಗೆ ಒಂದು ಕೆರೆಯಾದರೂ ಬೇಕು, ಅಡುಗೆ ಕಲಿಸುವವನಿಗೆ ಒಂದು ಒಲೆಯಾದರೂ ಬೇಕು. ಆದರೆ ಬೆಟ್ಟಗುಡ್ಡಗಳಲ್ಲಿ ಸೈಕಲ್ ತುಳಿಯುವ ಕಠಿಣ ಪ್ರವಾಸಗಳಿಗೆ ಯೋಜನೆ ಹಾಕಿಕೊಡುವವನಿಗೆ ಬೆಟ್ಟ ಬೇಕಾಗಿಲ್ಲ. ಇದಕ್ಕೆ ನಾನೇ ಸಾಕ್ಷಿ. ನಾನಿರುವುದು ಕತಾರಿನ ಮುಐದರಿನಲ್ಲಿ. ಇಲ್ಲಿ ನೆಲವೆಂದರೆ ದೋಸೆಕಲ್ಲು. ಆಕಾರದಲ್ಲೂ ಸರಿ, ಬಿಸಿಯಲ್ಲೂ ಸರಿ. ಎತ್ತರವೆಂದರೆ ಲಿಫ್ಟಿನ ಗುಂಡಿ ಒತ್ತುವುದು. ನನ್ನ ಸೈಕಲ್ಲಿಗೆ ಇಪ್ಪತ್ತೇಳು ಗೇರುಗಳಿವೆ, ಅವುಗಳಲ್ಲಿ ಇಪ್ಪತ್ತನಾಲ್ಕಕ್ಕೆ ಇನ್ನೂ ಅಂಗಡಿಯ ಎಣ್ಣೆಯ ವಾಸನೆ ಹೋಗಿಲ್ಲ. ಆದರೂ ನಮ್ಮ ಬಳಗದಲ್ಲಿ ಘಾಟಿ ಸವಾರಿಯ ಪ್ಲಾನ್ ಎಂದರೆ ನಾನೇ. ಇದನ್ನೆಲ್ಲ ನಾವೇ ಹೇಳಿಕೊಳ್ಳಬಾರದು ನಿಜ, ಆದರೆ ಬೇರೆಯವರು ಹೇಳಲಿ ಎಂದು ಎಷ್ಟು ವರ್ಷ ಕಾಯುವುದು?

ಬಳಗವೆಂದರೆ ಮೂವರು. ಇಕ್ಬಾಲ್ ನಮ್ಮ ಕರಾವಳಿಯ ಬ್ಯಾರಿ, ಇಲ್ಲಿ ವಾಹನದ ಬಿಡಿಭಾಗಗಳ ಅಂಗಡಿ ಇಟ್ಟು ಎಷ್ಟೋ ಕಾಲವಾಯಿತು. ಯಾವ ಗಾಡಿಯ ಯಾವ ಬೋಲ್ಟು ಎಲ್ಲಿ ಸವೆಯುತ್ತದೆ ಎಂದು ಬಲ್ಲವನು, ತನ್ನ ಎರಡೂ ಮೊಣಕಾಲು ಸವೆದದ್ದನ್ನು ಮಾತ್ರ ಡಾಕ್ಟರ ಬಾಯಿಂದ ತಿಳಿದುಕೊಂಡ. ದಯಾನಂದ ಇರುವುದು ಅಲ್ ಖೋರ್‌ನಲ್ಲಿ, ವಾರವಿಡೀ ಕಂಪನಿ ಬಸ್ಸಿನಲ್ಲಿ ತೂಕಡಿಸುತ್ತಾ ಕೆಲಸಕ್ಕೆ ಹೋಗಿ ಬರುವವನು. ಶುಕ್ರವಾರ ಬೆಳಿಗ್ಗೆ ಕಾರಿನ ಬೆನ್ನಿಗೆ ಸೈಕಲ್ ಕಟ್ಟಿಕೊಂಡು ನಮ್ಮಲ್ಲಿಗೆ ಬರುತ್ತಾನೆ. ಮೂವರೂ ಸೇರಿ ಹತ್ತಿರದ ಒಂದು ಮಾಲ್‌ನ ಐದಂತಸ್ತಿನ ಪಾರ್ಕಿಂಗ್‌ಗೆ ಹೋಗುತ್ತೇವೆ. ಆ ಹೊತ್ತಿಗೆ ಅದು ಖಾಲಿ. ಕೆಳಗಿಂದ ಮೇಲಕ್ಕೆ ಸುತ್ತಿಕೊಂಡು ಹೋಗುವ ಅದರ ಇಳಿಜಾರೇ ನಮ್ಮ ಪಾಲಿನ ಘಟ್ಟ. ಅಲ್ಲಿಯ ಕಾವಲುಗಾರ ನೇಪಾಳದ ಬೆಟ್ಟದೂರಿನವನು, ವಯಸ್ಸಾದ ಮನುಷ್ಯ. ನಾವು ಮೂರನೆಯ ಬಾರಿ ಏದುಸಿರು ಬಿಡುತ್ತಾ ಸುತ್ತಿ ಬಂದಾಗ ಬಹಳ ಮರ್ಯಾದೆಯಿಂದ, ಕಾರು ಎಲ್ಲಿ ನಿಲ್ಲಿಸಿದ್ದೀರೆಂದು ಮರೆತುಹೋಯಿತೇ ಎಂದು ಹಿಂದಿಯಲ್ಲಿ ಕೇಳಿದ್ದ. ಬೆಟ್ಟ ಹತ್ತುವ ಅಭ್ಯಾಸ ಎಂದೆವು. ಅವನು ನಗಲಿಲ್ಲ. ನಗದೆ ಇರಲು ಅವನು ಪಟ್ಟ ಪಾಡು ಮಾತ್ರ ಕಣ್ಣಿಗೆ ಕಾಣುತ್ತಿತ್ತು.

ಸವಾರಿ ಇದ್ದದ್ದು ಊರಲ್ಲಿ, ಚಳಿಗಾಲದ ರಜೆಯಲ್ಲಿ. ಉಜಿರೆಯಿಂದ ಹೊರಟು ಚಾರ್ಮಾಡಿ ಹತ್ತುವುದು, ಇನ್ನೊಂದು ಘಾಟಿಯಲ್ಲಿ ಇಳಿಯುವುದು, ಮತ್ತೆ ಮೂರನೆಯದರಲ್ಲಿ ಹತ್ತುವುದು. ಒಟ್ಟು ಆರು ದಿನ. ನಾನು ಕಟ್ಟಡ ಕಂಪನಿಯೊಂದರಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಅಂದರೆ ನಕ್ಷೆಗಳಿಗೆ ನಂಬರು ಕೊಟ್ಟು, ತಿದ್ದಿದಷ್ಟು ಸಲ ರಿವಿಷನ್ ಎಂದು ಹೊಸ ನಂಬರು ಹಾಕಿ, ಹಳೆಯದಕ್ಕೆ ರದ್ದು ಎಂದು ಮುದ್ರೆ ಒತ್ತುವವನು. ಹಾಗಾಗಿ ನನ್ನ ಪ್ಲಾನ್‌ಗೂ ನಂಬರು ಇತ್ತು, ರಿವಿಷನ್ ಇತ್ತು, ಕೆಳಗೆ ‘ತಯಾರಿಸಿದವರು’, ‘ಪರಿಶೀಲಿಸಿದವರು’ ಎಂದು ಎರಡು ಚೌಕಗಳಿದ್ದವು. ಎರಡನೆಯದು ಖಾಲಿ, ನನ್ನನ್ನು ಪರಿಶೀಲಿಸುವವರು ಯಾರಿದ್ದಾರೆ? ಯಾವ ತಿರುವಿನಲ್ಲಿ ನೆರಳು, ಎಲ್ಲಿ ನೀರು, ಎಲ್ಲಿ ಮಂಗಗಳು ಬಾಳೆಹಣ್ಣಿಗೆ ಕೈಹಾಕುತ್ತವೆ, ಎಲ್ಲಿ ನಿಂತು ಉಸಿರು ತೆಗೆಯಬಹುದು, ಎಲ್ಲವನ್ನೂ ಬರೆದಿದ್ದೆ. ರಿವಿಷನ್ ಆರನ್ನು ಕೈಗೆ ಕೊಟ್ಟಾಗ ಇಕ್ಬಾಲ್ ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. “ಇನ್ನು ನನ್ನ ಮೊಣಕಾಲು ನಿನ್ನ ಕೈಯಲ್ಲಿ ಉಂಟು ಮಾರಾಯ” ಎಂದ. ಆ ಮಾತು ನನಗೆ ಸನ್ಮಾನದ ಶಾಲಿನಷ್ಟು ಬೆಚ್ಚಗಾಯಿತು.

ಚಾರ್ಮಾಡಿಯ ತಿರುವುಗಳು ನನಗೆ ಇಷ್ಟು ಚೆನ್ನಾಗಿ ಗೊತ್ತಿರುವುದಕ್ಕೆ ಕಾರಣ ವಾಂತಿ. ನನ್ನಜ್ಜ ಒಣಮೀನಿನ ವ್ಯಾಪಾರಿ. ಶಾಲೆಗೆ ರಜೆ ಸಿಕ್ಕಿದರೆ ಬಸ್ಸಿನಲ್ಲಿ ನನ್ನನ್ನೂ ಮೀನಿನ ಗೋಣಿಯನ್ನೂ ಅಕ್ಕಪಕ್ಕ ಕೂರಿಸಿಕೊಂಡು ಘಟ್ಟದ ಮೇಲೆ ಹೊರಡುತ್ತಿದ್ದರು. ಮೂರನೆಯ ತಿರುವಿಗೆ ನನ್ನ ಹೊಟ್ಟೆ ತೊಳಸುತ್ತಿತ್ತು, ಐದನೆಯದಕ್ಕೆ ತಲೆ ಕಿಟಕಿಯ ಹೊರಗೆ. ಅದು ತಿರುವಿನಿಂದಲ್ಲ, ಗೋಣಿಯಿಂದ ಎಂದು ಉಳಿದ ಪ್ರಯಾಣಿಕರ ದೂರು. ಅಜ್ಜ ದೂರವನ್ನು ಮೈಲಿಯಲ್ಲಿ ಹೇಳಿದವರಲ್ಲ, ವೀಳ್ಯದಲ್ಲಿ ಹೇಳುವರು. ಇದು ಒಂದು ವೀಳ್ಯದ ಚಡವು, ಅದು ಎರಡು ವೀಳ್ಯದ್ದು; ಬಾಯಲ್ಲಿ ಎಲೆಯಡಿಕೆ ಮುಗಿಯುವಷ್ಟರಲ್ಲಿ ಬಸ್ಸು ಆ ಏರು ಹತ್ತಿರುತ್ತಿತ್ತು. ಕೊಟ್ಟಿಗೆಹಾರ ಬಂದ ಕೂಡಲೇ ಬೆನ್ನು ನೇವರಿಸಿ, “ಘಟ್ಟ ಹತ್ತಿ ಆಯ್ತು ಮಗಾ, ಇನ್ನು ಎಲ್ಲ ಸಪಾಟು” ಎನ್ನುತ್ತಿದ್ದರು. ಅದನ್ನು ಕೇಳಿ ಅವರ ತೊಡೆಯ ಮೇಲೆ ಮಲಗಿದರೆ ನನಗೆ ಎಚ್ಚರವಾಗುತ್ತಿದ್ದದ್ದು ಚಿಕ್ಕಮಗಳೂರಿನಲ್ಲಿ.

ಪ್ಲಾನ್ ಮೊದಲ ಸಲ ಹೊರಗಿನವರ ಕಣ್ಣಿಗೆ ಬಿದ್ದದ್ದು ನಮ್ಮ ಅಡುಗೆಮನೆಯಲ್ಲಿ. ನನ್ನ ಹೆಂಡತಿ ಸುಮಿತ್ರಾ ಮೂಡಿಗೆರೆ ಕಡೆಯವಳು, ಅಂದರೆ ನಮ್ಮವರ ಬಾಯಲ್ಲಿ ‘ಘಟ್ಟದ ಮೇಲಿನವಳು’. ಒಂದು ಸಂಜೆ ಅಲಸಂಡೆ ಹೆಚ್ಚುತ್ತಾ ಮೇಜಿನ ಮೇಲಿದ್ದ ಮೊದಲ ದಿನದ ಹಾಳೆಯನ್ನು ಓದಿದವಳು ಚೂರಿ ಕೆಳಗಿಟ್ಟಳು.

“ರೀ, ಕೊಟ್ಟಿಗೆಹಾರ ದಾಟಿದ ಮೇಲೆ ‘ಸಪಾಟು, ಆರಾಮ’ ಅಂತ ಬರೆದಿದ್ದೀರಲ್ಲ, ಯಾಕೆ?”

“ಘಟ್ಟ ಹತ್ತಿ ಆಯ್ತಲ್ಲ. ಇನ್ನೆಂತ ಉಂಟು?”

“ನಿಮ್ಮ ಕಡೆಯವರಿಗೆ ಘಟ್ಟದ ಮೇಲೆ ಅಂದ್ರೆ ಏನು, ತಾರಸಿನಾ? ಮೆಟ್ಟಿಲು ಹತ್ತಿಬಿಟ್ರೆ ಬಟ್ಟೆ ಒಣಗಿಸ್ಕೊಂಡು ನಿಂತ್ಕೋಬಹುದು ಅಂತ?” ಎಂದಳು. “ನಾನು ಅಲ್ಲಿ ಸೈಕಲ್ಲಲ್ಲಿ ಹೈಸ್ಕೂಲಿಗೆ ಹೋದವಳು. ಹೋಗ್ತಾನೂ ಏರು, ಬರ್ತಾನೂ ಏರು.”

ಫೋನಿನಲ್ಲಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನೋಡಿದ್ದೆ. ಚಾರ್ಮಾಡಿಯ ಒಂದೊಂದು ತಿರುವಿನ ಏರನ್ನೂ ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದೆ. ಘಟ್ಟದ ತಲೆ ಮುಟ್ಟಿದ ಕೂಡಲೇ ನೋಡುವುದನ್ನು ನಿಲ್ಲಿಸಿದ್ದೆ. ನಮ್ಮ ಭಾಷೆಯಲ್ಲಿ ಅದು ‘ಮೇಲೆ’; ಮೇಲೆ ಹೋದ ಮೇಲೆ ಮತ್ತೆ ಮೇಲೆ ಹೋಗುವುದು ಎಲ್ಲಿಗೆ? ಈಗ ನೋಡಿದರೆ ಫೋನಿನ ಗೆರೆ ಗರಗಸದ ಹಲ್ಲಿನ ಹಾಗಿತ್ತು. ಆ ಸಪಾಟನ್ನು ನಂಬಿ ಮೊದಲ ದಿನವೇ ಮೂವರನ್ನೂ ಚಿಕ್ಕಮಗಳೂರಿಗೆ ಮುಟ್ಟಿಸಿ, ರೂಮ್ ಸಹ ಬುಕ್ ಮಾಡಿಸಿದ್ದೆ. ಇಡೀ ಘಾಟಿ ಹತ್ತಿ ಬಂದ ಇಕ್ಬಾಲನ ಮೊಣಕಾಲು ಆ ಗರಗಸಕ್ಕೆ ಸಿಕ್ಕಿದರೆ ಆಮೇಲೆ ಖಲಾಸ್. ಹೇಳಿದರೆ ಪ್ಲಾನ್ ಹಾಕುವವನೆಂಬ ನನ್ನ ಗತ್ತು ಹೋಗುತ್ತದೆ, ಹೇಳದಿದ್ದರೆ ಅವನ ಕಾಲು ಹೋಗುತ್ತದೆ. ನಮ್ಮ ಆಫೀಸಿನಲ್ಲಿ ನಕ್ಷೆಗಳು ಕನ್ಸಲ್ಟೆಂಟರಲ್ಲಿಗೆ ಹೋಗಿ ಎ, ಬಿ, ಸಿ ಎಂಬ ಮುದ್ರೆ ಒತ್ತಿಸಿಕೊಂಡು ಬರುತ್ತವೆ. ಎ ಎಂದರೆ ಒಪ್ಪಿಗೆ, ಸಿ ಎಂದರೆ ತಿದ್ದಿ ಮತ್ತೆ ಸಲ್ಲಿಸುವುದು. ಸಿ ಬಿದ್ದ ಎಂಜಿನಿಯರುಗಳ ಮುಖ ನೋಡಿ ನಾನು ಎಷ್ಟೋ ಸಲ ಒಳಗೊಳಗೇ ನಕ್ಕದ್ದುಂಟು. ನನಗೆ ಸಿ ಬಿದ್ದದ್ದು ಅಲಸಂಡೆಯ ತಟ್ಟೆಯ ಮುಂದೆ.

ಆ ವಾರವಿಡೀ ಸಂಜೆ ಅವಳು ಹೇಳುವುದು, ನಾನು ಬರೆಯುವುದು. ಅವಳಿಗೆ ದಾರಿ ಕಿಲೋಮೀಟರಿನಲ್ಲಿ ನೆನಪಿರಲಿಲ್ಲ, ಉಸಿರಿನಲ್ಲಿ ನೆನಪಿತ್ತು. ಸೇತುವೆ ದಾಟಿದರೆ ಪೋಸ್ಟ್‌ಮಾಸ್ಟರ್ ದಿಬ್ಬ, ಅದರಾಚೆ ಚೈನು ತಪ್ಪುವ ಏರು, ಅದರಾಚೆ ದೊಡ್ಡ ಅತ್ತಿಮರದ ಏರು. ಕಣ್ಣು ಮುಚ್ಚಿ ಹೇಳುತ್ತಿದ್ದಳು, ಪಾದ ಮಾತ್ರ ಕುರ್ಚಿಯ ಕೆಳಗೆ ಪೆಡಲ್ ತುಳಿಯುತ್ತಿತ್ತು. ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದ ಮೇಲೆ ನನ್ನ ಹೆಂಡತಿಗೆ ಸೈಕಲ್ ಬರುತ್ತದೆ ಎಂದು ನನಗೆ ಗೊತ್ತಾಯಿತು. ಮೊದಲ ದಿನವನ್ನು ಅರ್ಧಕ್ಕೆ ಕಡಿದು ಮೂಡಿಗೆರೆಯಲ್ಲೇ ನಿಲ್ಲಿಸಿದಳು. ಅತ್ತಿಮರದ ಏರಿನ ಮುಂದೆ ಮಾತ್ರ ತಾನೇ ಪೆನ್ನು ತೆಗೆದುಕೊಂಡು, ‘ಇಲ್ಲಿ ಇಳಿದು ತಳ್ಳುವುದು’ ಎಂದು ಬರೆದಳು.

“ತಳ್ಳುವುದೆಲ್ಲ ಪ್ಲಾನ್‌ನಲ್ಲಿ ಬರೆಯುವ ವಿಷಯವಾ?” ಎಂದೆ.

“ಅಲ್ಲಿ ಎಲ್ರೂ ಇಳೀತಾರೆ. ನಮ್ಮ ಡ್ರಿಲ್ ಮೇಷ್ಟ್ರೂ ಇಳೀತಿದ್ರು” ಎಂದಳು.

ರಿವಿಷನ್ ಏಳರಲ್ಲಿ ಅವಳು ಹೇಳಿದ್ದನ್ನೆಲ್ಲ ಸೇರಿಸಿ ಆ ಒಂದು ಸಾಲನ್ನು ಅಳಿಸಿದೆ. ಇಪ್ಪತ್ತೇಳು ಗೇರಿಗೆ ಒಂದು ಮಾನವಿಲ್ಲವೇ? ಶುಕ್ರವಾರ ಪಾರ್ಕಿಂಗ್‌ನ ಐದನೆಯ ಅಂತಸ್ತಿನಲ್ಲಿ ಹಂಚಿದಾಗ ದಯಾನಂದ ಬಾಯಿ ತೆರೆದು ನೋಡಿದ. ಘಟ್ಟದ ಮೇಲೂ ಇಷ್ಟೊಂದು ಚಡವು ಉಂಟೆಂದು ನಿನಗೆ ಹೇಗೆ ಗೊತ್ತಾಯಿತು ಎಂದು ಇಕ್ಬಾಲ್ ಕೇಳಿದ. ಹೇಳಲು ಬಾಯಿ ತೆರೆದೆ, ಹೊರಗೆ ಬಂದ ಶಬ್ದ ‘ಅನುಭವ’. ಅದು ಸುಳ್ಳಲ್ಲ, ಯಾರ ಅನುಭವ ಎಂದು ಅವನು ಕೇಳಲಿಲ್ಲ.

ಚಾರ್ಮಾಡಿಯನ್ನು ಹತ್ತಿದೆವು. ವಾಂತಿ ಮಾಡದೆ ಹತ್ತಿದ್ದು ಅದೇ ಮೊದಲು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವಾಗ ಅಜ್ಜನಿಗೆ ಮನಸ್ಸಿನಲ್ಲೇ ಒಂದು ವೀಳ್ಯ ಮಡಿಚಿಕೊಟ್ಟೆ. ಪೋಸ್ಟ್‌ಮಾಸ್ಟರ್ ದಿಬ್ಬ ಹೇಳಿದಲ್ಲೇ ಇತ್ತು, ದಯಾನಂದನ ಚೈನು ತಪ್ಪಬೇಕಾದಲ್ಲೇ ತಪ್ಪಿತು. ಆಮೇಲೆ ಅತ್ತಿಮರ. ಆ ಏರನ್ನು ನೋಡಿದ ಕೂಡಲೇ ನನಗೆ ಡ್ರಿಲ್ ಮೇಷ್ಟ್ರ ಮೇಲೆ ಗೌರವ ಬಂತು. ಇಕ್ಬಾಲ್ ತಲೆ ತಗ್ಗಿಸಿ, ಮುಂದಿನ ಚಕ್ರವನ್ನೇ ನೋಡುತ್ತಾ, ನಿಧಾನವಾಗಿ ತುಳಿದುಕೊಂಡೇ ಹೋಗಿಬಿಟ್ಟ. ಹಾಗೆ ತುಳಿಯಬೇಕೆಂದು ಪಾರ್ಕಿಂಗ್‌ನ ಕಾವಲುಗಾರ ಹೇಳಿಕೊಟ್ಟಿದ್ದನಂತೆ. ದಯಾನಂದನೂ ಹೋದ. ನಾನು ಅರ್ಧಕ್ಕೆ ನಿಂತೆ.

ಮೇಲಿಂದ ಇಕ್ಬಾಲ್ ಕೂಗಿದ. “ಯಲ್ಲಾ, ಬೇಗ ಬಾ ಮಾರಾಯ, ಇದು ಪ್ಲಾನ್‌ನಲ್ಲಿ ಉಂಟಾ?”

“ಉಂಟು” ಎಂದೆ. “ಸುಮಿತ್ರಾ ಬರೆದದ್ದು. ನಿಮ್ಮ ಕಾಪಿಯಲ್ಲಿ ಇಲ್ಲ.” ಹಾಗೆ ಶುರುವಾಗಿ, ಸೈಕಲ್ ತಳ್ಳುತ್ತಾ ಮರದ ಬುಡ ಮುಟ್ಟುವಷ್ಟರಲ್ಲಿ ತಾರಸಿಯಿಂದ ಹಿಡಿದು ಅಲಸಂಡೆಯವರೆಗೆ ಎಲ್ಲವನ್ನೂ ಒಪ್ಪಿಕೊಂಡಿದ್ದೆ. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಆದರೆ ಇಕ್ಬಾಲನ ಮೊಣಕಾಲು ಆರು ದಿನವೂ ಒಂದು ಮಾತೂ ಆಡಲಿಲ್ಲ.

ಈಗ ಮುಐದರಿನ ಮನೆಯ ಗೋಡೆಯಲ್ಲಿ ರಿವಿಷನ್ ಎಂಟು ತೂಗುತ್ತಿದೆ, ಚೌಕಟ್ಟು ಹಾಕಿಸಿದ್ದೇನೆ. ‘ಪರಿಶೀಲಿಸಿದವರು’ ಎಂಬ ಚೌಕದಲ್ಲಿ ಸುಮಿತ್ರಾಳ ಸಹಿ ಇದೆ. ಬಂದವರಿಗೆಲ್ಲ ತೋರಿಸಿ, ಆರು ದಿನ, ಮೂರು ಘಾಟಿ, ಒಂದು ಸಾಲೂ ತಪ್ಪದೆ ಪ್ಲಾನ್ ಪ್ರಕಾರವೇ ನಡೆಯಿತು ಎಂದು ಹೆಮ್ಮೆಯಿಂದ ಹೇಳುತ್ತೇನೆ. ಅತ್ತಿಮರದ ಮುಂದಿನ ಆ ಸಾಲನ್ನೂ ಮರಳಿ ಸೇರಿಸಿದ್ದೇನೆ. ಅದನ್ನು ಅಳಿಸಿದವನು ನಾನು, ಪಾಲಿಸಿದವನೂ ನಾನೊಬ್ಬನೇ.